ಮಿಕ್ಸಿ ಅಂಗಡಿಯ ಸಂಗೀತದ ಕೋಣೆ

ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ಮಾರುವ ಅಂಗಡಿಯಲ್ಲಿ ಕಾರಿನಷ್ಟು ಬೆಲೆಯ ಸ್ಪೀಕರ್ ತಂದಿಟ್ಟರೆ ಏನಾಗುತ್ತದೆ ಎಂದು ಯಾರಿಗಾದರೂ ಕುತೂಹಲವಿದ್ದರೆ ನನ್ನನ್ನು ಕೇಳಬಹುದು. ದಿನಕ್ಕೊಂದು ಪ್ರಸಂಗ ಆಗುತ್ತದೆ. ಹಬ್ಬದ ದಿನಗಳಲ್ಲಿ ಎರಡು. ಆಗ ಬಿದ್ದು ಬಿದ್ದು ನಕ್ಕಿದ್ದು ಈಗ ನೆನಪಾದರೂ ನಗು ಬರುತ್ತದೆ.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಮೈಸೂರಿನ ದೇವರಾಜ ಅರಸು ರಸ್ತೆಯ ಒಂದು ಅಂಗಡಿಯಲ್ಲಿ ಸೇಲ್ಸ್‌ಮನ್. ಅಂಗಡಿ ಅಣ್ಣತಮ್ಮ ಇಬ್ಬರದು. ಅವರ ತಂದೆ ಅದೇ ಜಾಗದಲ್ಲಿ ಹಿತ್ತಾಳೆ ಪಾತ್ರೆ ಮಾರುತ್ತಿದ್ದರಂತೆ, ಮಕ್ಕಳು ಕಾಲಕ್ಕೆ ತಕ್ಕ ಹಾಗೆ ಮಿಕ್ಸಿಗೆ ಬಂದರು. ದೊಡ್ಡ ಯಜಮಾನರಿಗೆ ವೀಣೆಯ ಹುಚ್ಚು. ಒಮ್ಮೆ ಮದರಾಸಿಗೆ ಮದುವೆಗೆಂದು ಹೋದವರು, ಯಾರದೋ ಮನೆಯಲ್ಲಿ ಒಂದು ಜೊತೆ ವಿಲಾಯಿತಿ ಸ್ಪೀಕರಿನಲ್ಲಿ ವೀಣೆ ಕೇಳಿ, ಧಾರೆ ಊಟ ಎರಡನ್ನೂ ಮರೆತು ಅಲ್ಲೇ ಕೂತುಬಿಟ್ಟರಂತೆ. ವಾಪಸ್ ಬಂದವರೇ ಆ ಕಂಪನಿಯ ಏಜೆನ್ಸಿ ಹಿಡಿದರು. ಅಂಗಡಿಯ ಹಿಂದಿನ ಗೋಡೌನ್ ಖಾಲಿ ಮಾಡಿಸಿ, ನೆಲಕ್ಕೆ ಕಾರ್ಪೆಟ್, ಗೋಡೆಗೆ ಮೆತ್ತೆ, ಗಾಜಿನ ಬಾಗಿಲು, ಎ.ಸಿ. ಎಲ್ಲ ಹಾಕಿಸಿ, ಆಳೆತ್ತರದ ಒಂದು ಜೊತೆ ಸ್ಪೀಕರನ್ನು ಮದುಮಕ್ಕಳ ಹಾಗೆ ನಿಲ್ಲಿಸಿದರು. ಎದುರಿಗೆ ಒಂದು ಸೋಫಾ.

ಚಿಕ್ಕ ಯಜಮಾನರು ವ್ಯಾಪಾರದ ಮನುಷ್ಯ. ಕೋಣೆಯನ್ನು ಒಂದು ಸುತ್ತು ನೋಡಿ ಹೇಳಿದರು: "ಅಣ್ಣಯ್ಯ, ಬರೋ ವರ್ಷದ ದಸರಾದೊಳಗೆ ಒಂದೇ ಒಂದು ಜೊತೆ ಮಾರಿ ತೋರ್ಸು. ಆಗ್ಲಿಲ್ಲ ಅಂದ್ರೆ ಈ ಕೋಣೆ ವಾಷಿಂಗ್ ಮೆಷಿನ್‌ಗೆ."

"ಒಂದ್ಯಾಕೋ, ಹತ್ತು ಮಾರ್ತೀನಿ" ಎಂದರು ದೊಡ್ಡವರು. ಮಾರಬೇಕಾದವನು ನಾನು. ಹಾಗಾಗಿ ಆ ಕೋಣೆ ಉಳಿಸುವ ಭಾರ ನನ್ನ ತಲೆಗೆ ಬಂತು.

ವಿಭೂತಿ

ಆಯುಧಪೂಜೆ ದಿನ ನಮ್ಮ ಅಂಗಡಿಯಲ್ಲಿ ಸ್ಕ್ರೂಡ್ರೈವರಿಗೂ ಪೂಜೆಯಿಂದ ವಿನಾಯಿತಿ ಇಲ್ಲ. ಪೂಜೆಗೆ ಬಂದ ಅಯ್ನೋರು ಫ್ರಿಜ್ಜುಗಳಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದರು, ಗ್ರೈಂಡರುಗಳಿಗೆ ಎಳೆದರು. ನಾವು ಕಣ್ಣು ಮುಚ್ಚಿ ಕೈ ಮುಗಿದು ತೆರೆಯುವಷ್ಟರಲ್ಲಿ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋಗಿ, ಸ್ಪೀಕರುಗಳ ಹೊಟ್ಟೆಯಲ್ಲಿದ್ದ, ಸದ್ದು ಹೊರಡುವ ಕರೀ ಕಾಗದದ ಬಟ್ಟಲಿಗೂ ಎಳೆದುಬಿಟ್ಟಿದ್ದರು. ನಡುವೆ ಕುಂಕುಮ ಬೇರೆ. ಉಸಿರು ತಾಗಿದರೂ ಹಾಳಾಗುತ್ತದೆ ಎಂದು ನಾವು ಗಿರಾಕಿಗಳನ್ನು ದೂರ ನಿಲ್ಲಿಸುತ್ತಿದ್ದ ಜಾಗ ಅದು. ದೊಡ್ಡ ಯಜಮಾನರ ಮುಖ ಬಿಳಿಚಿಕೊಂಡಿತು. "ಒರೆಸ್ಬೇಡಿ, ಹರಿದು ಹೋಗುತ್ತೆ" ಎಂದಷ್ಟೇ ಹೇಳಿ ಅಯ್ನೋರಿಗೆ ದಕ್ಷಿಣೆ ಕೊಟ್ಟರು.

ಮಾರನೆಯ ವಾರವೇ ಮುಂಬಯಿಯಿಂದ ಏಜೆನ್ಸಿಯವರು ತಪಾಸಣೆಗೆ ಬಂದರು. ಕೋಟು, ಟೈ, ಕೈಯಲ್ಲಿ ಚರ್ಮದ ಬ್ಯಾಗು. ಸ್ಪೀಕರಿನ ಮುಂದೆ ಬಗ್ಗಿ ತುಂಬ ಹೊತ್ತು ನೋಡಿ, ಇದೇನು ಎಂದು ಕೇಳಿದರು. ಯಜಮಾನರು ತಮಗೆ ಬರುವ ಅರ್ಧಂಬರ್ಧ ಹಿಂದಿಯಲ್ಲಿ ಆಯುಧಪೂಜೆಯನ್ನು ಬಿಡಿಸಿ ಹೇಳಿದರು. ಏಜೆನ್ಸಿ ಇವತ್ತಿಗೆ ಮುಗಿಯಿತು ಎಂದು ನಾನು ಬಾಗಿಲ ಹತ್ತಿರವೇ ನಿಂತೆ. ಆ ಮನುಷ್ಯ ಎದ್ದು ಬಂದು ಬಾಗಿಲು ಹಾಕಿ, ದನಿ ತಗ್ಗಿಸಿ ನನ್ನನ್ನು ಕೇಳಿದರು:

"ನಿಮ್ಮ ಪೂಜಾರಿಯವರು ಊರಲ್ಲೇ ಇದ್ದಾರಾ? ನನ್ನ ಬ್ಯಾಗಿಗೂ ಒಂದು ಎಳೆಸಿಬಿಡಿ. ಯಾವ ಊರಲ್ಲೂ ಒಂದೂ ಮಾರಾಟ ಆಗ್ತಿಲ್ಲ."

ನಲವತ್ತು ವಾಟ್

ದೀಪಾವಳಿಗೆ ಹೆಬ್ಬಾಳದ ಕಾರ್ಖಾನೆಗಳಲ್ಲಿ ಬೋನಸ್ ಆಯಿತು. ಹೆಂಡತಿ, ಅತ್ತೆ, ಇಬ್ಬರು ಮಕ್ಕಳನ್ನು ಕರೆದುಕೊಂಡು ಒಬ್ಬರು ಬಂದರು. "ಅಂಗಡೀಲಿರೋದ್ರಲ್ಲೇ ಭರ್ಜರಿ ಸೆಟ್ ತೋರ್ಸಿ" ಎಂದರು. ಆ ಮಾತು ಕೇಳಿದ್ದೇ ದೊಡ್ಡ ಯಜಮಾನರು ಇಡೀ ಸಂಸಾರವನ್ನು ಕೋಣೆಗೆ ಕರೆದೊಯ್ದು ವೀಣೆ ಹಾಕಿದರು. ಅವರು ಯಾವಾಗಲೂ ಹಾಕುತ್ತಿದ್ದುದು ಅದೊಂದೇ ಸಿ.ಡಿ. ತೊಡೆಯ ಮೇಲೆ ತಾಳ ಹಾಕುತ್ತ, ಕಣ್ಣು ಮುಚ್ಚಿಕೊಂಡು, ಕೊನೆಯ ತನಕ ಕೇಳಿಯೇ ಏಳುತ್ತಿದ್ದರು. ಗಿರಾಕಿ ಅಷ್ಟರಲ್ಲಿ ಎದ್ದು ಹೋಗಿದ್ದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ.

"ಎಷ್ಟು ವಾಟು?" ಎಂದರು ಗಿರಾಕಿ, ನನ್ನ ಕಡೆ ತಿರುಗಿ.

ಹೊರಗೆ ಶೋಕೇಸಿನಲ್ಲಿ ಬಣ್ಣದ ದೀಪ ಮಿಣಮಿಣ ಎನ್ನುವ ಸೆಟ್ಟುಗಳ ಮೇಲೆ ಎರಡು ಸಾವಿರ ವಾಟ್, ಮೂರು ಸಾವಿರ ವಾಟ್ ಎಂದು ಅಂಗೈ ಅಗಲದ ಚೀಟಿ ಅಂಟಿಸಿರುತ್ತಿದ್ದರು. ಆ ಅಂಕಿ ಸುಳ್ಳು, ಇದು ನಿಜ, ಅಳೆಯುವ ರೀತಿಯೇ ಬೇರೆ ಎಂದು ಎಷ್ಟು ಹೇಳಿದರೂ ಯಾರೂ ನಂಬುತ್ತಿರಲಿಲ್ಲ.

"ನಲವತ್ತು" ಎಂದೆ.

"ಕರೆಂಟ್ ಎಷ್ಟು ಎಳೆಯುತ್ತೆ?" ಎಂದರು ಹೆಂಡತಿ. ಇದು ನಮ್ಮಲ್ಲಿ ಗ್ರೈಂಡರಿಗೂ ಗೀಸರಿಗೂ ತಪ್ಪದೆ ಬರುವ ಪ್ರಶ್ನೆ. ಈ ಸ್ಪೀಕರಿಗೂ ಬಂದವರೆಲ್ಲ ಕೊನೆಗೆ ಅದನ್ನೇ ಕೇಳುತ್ತಿದ್ದರು.

"ಜಾಸ್ತಿ ಏನಿಲ್ಲಮ್ಮ."

"ದೀಪ ಎಲ್ಲಿ ಬರುತ್ತೆ?" ಎಂದರು ಅತ್ತೆ.

"ದೀಪ ಬರಲ್ಲಮ್ಮ."

ಬೆಲೆ ಹೇಳಿದೆ. ಗಿರಾಕಿ ಮಕ್ಕಳ ಕೈ ಹಿಡಿದು ಎದ್ದೇ ನಿಂತರು. "ಅಲ್ಲ ಕಣ್ರೀ, ನಮ್ಮನೆ ಬಚ್ಚಲಲ್ಲಿರೋ ಬಲ್ಬೇ ಅರವತ್ತು ವಾಟು. ಇದಕ್ಕೆ ಕಾರಿನ ದುಡ್ಡು ಕೇಳ್ತೀರಲ್ಲ, ಅಷ್ಟು ಬೆಳಕಾದ್ರೂ ಕೊಡ್ಬಾರ್ದಾ!"

ತಂಪು ಹೊತ್ತು

ಏಪ್ರಿಲ್ ತಿಂಗಳಲ್ಲಿ ನಿವೃತ್ತ ಮೇಷ್ಟರೊಬ್ಬರು ಹೆಂಡತಿಯೊಡನೆ ಬಂದು, ಸ್ಪೀಕರ್ ಕೇಳಬಹುದೇ ಎಂದರು. ಕೇಳಿದರು. ಮಾರನೆಯ ದಿನವೂ ಊಟ ಮುಗಿಸಿ ಅದೇ ಹೊತ್ತಿಗೆ ಬಂದರು. ಅದರ ಮಾರನೆಯ ದಿನವೂ. ದೊಡ್ಡ ಯಜಮಾನರಿಗೆ ಹಬ್ಬ. "ಕೊನೆಗೂ ಕೇಳೋರು ಸಿಕ್ಕಿದ್ರು ಕಣೋ! ಕೊಳ್ಳದಿದ್ರೆ ಬೇಡ, ನಾಲ್ಕು ಜನಕ್ಕೆ ಹೇಳ್ತಾರೆ" ಎಂದು ಅವರಿಗೆ ದಿನಾ ಕಾಫಿ ತರಿಸಿದರು. ತಾವೂ ಅಂಗಡಿಗೆ ಬರುವಾಗ ಹೊಸದಾಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರತೊಡಗಿದರು. ಅವರು ಅಷ್ಟು ಸಂತೋಷವಾಗಿದ್ದುದನ್ನು ನಾನು ಮತ್ತೆ ನೋಡಲಿಲ್ಲ.

ಒಂದು ದಿನ ಮೇಷ್ಟರ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದರು. "ಏನೂ ತಿಳ್ಕೋಬೇಡಪ್ಪ. ನಮ್ಮನೆ ತಾರಸಿ ಕಾದು ಕೆಂಡ ಆಗಿರುತ್ತೆ, ಇಲ್ಲಿ ಎ.ಸಿ. ಇದೆ ಅಂತ ಬರ್ತೀವಿ. ಆ ವೀಣೆ ಒಂದು ಸ್ವಲ್ಪ ನಿಲ್ಸೋಕೆ ಹೇಳ್ತೀಯಾ? ನಮ್ಮೆಜಮಾನ್ರಿಗೆ ಜೊಂಪು ಹತ್ತೋ ಹೊತ್ಗೆ ಎಚ್ಚರ ಆಗ್ಬುಡುತ್ತೆ."

ಇದನ್ನು ಯಜಮಾನರಿಗೆ ಹೇಗೆ ಹೇಳುವುದು? ಒಳಗೆ ಹೋಗಿ, "ಅವರಿಗೆ ಇನ್ನೂ ಸ್ವಲ್ಪ ಮೆತ್ತಗೆ ಬೇಕಂತೆ" ಎಂದು ಕೂಗಿ ಹೇಳಿದೆ.

ಆ ಹೊತ್ತಿನಲ್ಲಿ ವೀಣೆಯ ಅಬ್ಬರಕ್ಕೆ ಹೊರಗೆ ಶೆಲ್ಫಿನ ಮೇಲಿದ್ದ ಮಿಕ್ಸಿ ಜಾರುಗಳು ಒಂದಕ್ಕೊಂದು ತಾಗಿ ಗಲಗಲ ಎನ್ನುತ್ತಿದ್ದವು.

"ಇದಕ್ಕಿಂತ ಮೆತ್ತಗಾ?" ಎಂದರು ಯಜಮಾನರು. "ಈಗ್ಲೇ ಏನೂ ಕೇಳಿಸ್ತಿಲ್ವಲ್ಲೋ!"

ನಿಜವಾದ ಗಿರಾಕಿ

ಆ ವರ್ಷ ಕೊಳ್ಳಲೆಂದೇ ಬಂದ ಗಿರಾಕಿ ಒಬ್ಬರೇ. ಅವರು ಕಿವಿ ಡಾಕ್ಟರು. ವಾಟ್ ಕೇಳಲಿಲ್ಲ, ದೀಪ ಕೇಳಲಿಲ್ಲ, ಬೆಲೆ ಕೇಳಿ ಆಗಲಿ ಎಂದು ತಲೆಯಾಡಿಸಿದರು. ಕೋಣೆ ಉಳಿಯಿತು ಎಂದು ನಾನು ಮನಸ್ಸಿನಲ್ಲೇ ಚಾಮುಂಡಿಗೆ ಕೈ ಮುಗಿದೆ. ಯಜಮಾನರು ಸಡಗರದಿಂದ ವೀಣೆ ಹಾಕಿ, ಕಣ್ಣು ಮುಚ್ಚಿ ತಾಳ ಹಾಕತೊಡಗಿದರು.

ಡಾಕ್ಟರು ಮೊದಲು ಎರಡೂ ಕಿವಿಗೆ ಬೆರಳಿಟ್ಟುಕೊಂಡರು. ಆಮೇಲೆ ಸ್ಪೀಕರ್ ನೋಡುವುದನ್ನು ಬಿಟ್ಟು ಯಜಮಾನರನ್ನೇ ನೋಡತೊಡಗಿದರು. ಮೆಲ್ಲಗೆ ಎದ್ದು ಹೋಗಿ ವೀಣೆ ನಿಲ್ಲಿಸಿ, ಸೋಫಾದ ಹಿಂದೆ ನಿಂತು ಅವರ ಬಲಗಿವಿಯ ಹತ್ತಿರ ಚಿಟಿಕೆ ಹೊಡೆದರು. ಎಡಗಿವಿಯ ಹತ್ತಿರ ಹೊಡೆದರು. ಯಜಮಾನರು ತಾಳ ಹಾಕುತ್ತಲೇ ಇದ್ದರು. ಡಾಕ್ಟರು ನನ್ನ ಮುಖ ನೋಡಿದರು, ನಾನು ಕಾರ್ಪೆಟ್ ನೋಡಿದೆ. ಅಷ್ಟು ದಿನ ಜೊತೆಗೇ ಇದ್ದೂ ಈ ಕಿವುಡನ್ನು ಬರೀ ವೀಣೆಯ ಹುಚ್ಚು ಎಂದುಕೊಂಡಿದ್ದೆನಲ್ಲ ಎಂದು ಸಂಕಟವಾಯಿತು.

ಬುಧವಾರ ಆಸ್ಪತ್ರೆಗೆ ಬರಲು ಹೇಳಿ ಡಾಕ್ಟರು ಹೋದರು. ಮತ್ತೆ ಅಂಗಡಿ ಕಡೆ ಸುಳಿಯಲಿಲ್ಲ. ಸ್ಪೀಕರ್ ಮಾರುವವರ ಕಿವಿಯನ್ನೇ ಪರೀಕ್ಷೆ ಮಾಡಿದ ಮೇಲೆ ಯಾರಿಗೆ ತಾನೇ ಕೊಳ್ಳುವ ಧೈರ್ಯ ಬಂದೀತು.

ಬುಧವಾರ ಸಂಜೆ ಯಜಮಾನರು ಕಿವಿಗೆ ಮಿಷನ್ ಹಾಕಿಕೊಂಡು ಬಂದರು. ನೇರ ಕೋಣೆಗೆ ಹೋಗಿ ವೀಣೆ ಹಾಕಿ ಕೂತರು. ಸ್ವಲ್ಪ ಹೊತ್ತಿಗೇ ಮಿಷನ್ ತೆಗೆದು ಅಂಗೈಯಲ್ಲಿಟ್ಟುಕೊಂಡರು. "ಮಾತೆಲ್ಲ ಕೇಳಿಸುತ್ತೆ ಕಣೋ. ವೀಣೆ ಮಾತ್ರ ತಗಡಿನ ಡಬ್ಬ ಬಡಿದ ಹಂಗೆ ಕೇಳಿಸುತ್ತೆ." ನನಗೆ ಅಳು ಬರುವಂತಾಯಿತು. ನನ್ನ ಮುಖ ನೋಡಿ ಅವರೇ ಮಾತು ತಿರುಗಿಸಿದರು.

"ಆ ಡಾಕ್ಟ್ರು ನೋಡು. ನಾವು ವರ್ಷಪೂರ್ತಿ ಬಾಯಿ ಬಡ್ಕೊಂಡ್ರೂ ಆಳೆತ್ತರದ್ದು ಮಾರಕ್ಕಾಗ್ಲಿಲ್ಲ. ಅವ್ರು ಕಡಲೆಬೀಜದಷ್ಟಿರೋದನ್ನ ಕಾಫಿ ಕುಡಿಯೋಷ್ಟ್ರಲ್ಲಿ ಮಾರ್ಬುಟ್ರು. ಅವ್ರನ್ನೇ ನಮ್ಮ ಸೇಲ್ಸ್‌ಗೆ ಕರ್ಕೊಬೇಕಿತ್ತು."

ಮಾರಾಟ

ದಸರಾ ಬಂತು. ಚಿಕ್ಕ ಯಜಮಾನರು ಅಣ್ಣನ ಕಿವಿಯ ಮಿಷನ್ ನೋಡಿದ ದಿನದಿಂದ ವಾಷಿಂಗ್ ಮೆಷಿನ್ ಮಾತೇ ಎತ್ತಿರಲಿಲ್ಲ. "ಕೋಣೆ ಹಂಗೇ ಇರ್ಲಿ ಅಣ್ಣಯ್ಯ, ಇನ್ನೊಂದು ವರ್ಷ ನೋಡೋಣ" ಎಂದರು.

"ಬೇಡಪ್ಪ. ಕೋಣೆ ನೀನು ತಗೋ. ಆದ್ರೆ ನಾನು ಹೇಳ್ದಂಗೇ ಒಂದು ಜೊತೆ ಮಾರಾಟ ಆಗಿದೆ, ಬಿಲ್ ಹಾಕ್ಸು."

"ಯಾರಿಗೆ?"

"ನಂಗೆ."

ಚಿಕ್ಕವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಹೊರಗೆ ಹೋದರು.

ಗೂಡ್ಸ್ ಆಟೋದಲ್ಲಿ ಎರಡನ್ನೂ ಹಾಸಿಗೆ ಸುತ್ತಿ ರಾಮಕೃಷ್ಣನಗರದ ದೊಡ್ಡ ಯಜಮಾನರ ಮನೆಗೆ ಸಾಗಿಸಿದೆವು. ಬಟ್ಟಲಿನ ಮೇಲೆ ವಿಭೂತಿ ಮಾಸಿ ಇನ್ನೂ ಕಾಣುತ್ತಿತ್ತು. ನಡುಮನೆಯಲ್ಲಿ ನಿಲ್ಲಿಸಿ ವೈರ್ ಜೋಡಿಸಿದೆ. ಅಮ್ಮ, ಅಂದರೆ ಯಜಮಾನರ ಹೆಂಡತಿ, ಅಕ್ಕಪಕ್ಕದವರಿಗೆ ತೊಂದರೆ ಆಗಬಾರದೆಂದು ದನಿ ತಗ್ಗಿಸಿಡಲು ನನಗೆ ಮೊದಲೇ ಹೇಳಿದ್ದರು. ಯಜಮಾನರು ಎದುರಿಗೆ ಕೂತು, ಕಿವಿಯ ಮಿಷನ್ ತೆಗೆದು ಜೇಬಿಗೆ ಹಾಕಿಕೊಂಡರು. "ಇಂಥ ಸ್ಪೀಕರ್ ಮುಂದೆ ಈ ಡಬ್ಬ ಹಾಕ್ಕೊಂಡು ಕೂರೋದಾ? ಮರ್ಯಾದೆ ಬೇಡ್ವಾ?" ಎಂದು ಕಣ್ಣು ಮುಚ್ಚಿದರು.

ನಾನು ವೀಣೆ ಹಾಕಿದೆ. ಅವರ ಅಂಗೈ ತೊಡೆಯ ಮೇಲೆ ತಾಳ ಹಿಡಿಯಿತು. ಅವರಿಗೆ ಎಷ್ಟು ಕೇಳಿಸುತ್ತಿತ್ತೋ, ಏನಾದರೂ ಕೇಳಿಸುತ್ತಿತ್ತೋ ಇಲ್ಲವೋ, ನಾನು ಹೇಳಲಾರೆ. ಒಳಗೆ ಅಮ್ಮ ಚಟ್ನಿಗೆ ಮಿಕ್ಸಿ ಹಾಕಿದ್ದರು. ನಮ್ಮ ಅಂಗಡಿಯದೇ ಮಿಕ್ಸಿ.

ಆಗ ಕರೆಂಟ್ ಹೋಯಿತು. ಮಿಕ್ಸಿ ನಿಂತಿತು. ವೀಣೆ ನಿಂತಿತು. "ಹಾಳಾದ್ದು, ಹೋಯ್ತು" ಎನ್ನುತ್ತ ಹೊರಗೆ ಬಂದ ಅಮ್ಮ ಬಾಗಿಲಲ್ಲೇ ನಿಂತರು.

ಯಜಮಾನರು ತಾಳ ಹಾಕುತ್ತಿದ್ದರು. ಮುಖದಲ್ಲಿ ಸಣ್ಣ ನಗು. ಒಂದು ಕಡೆ "ಆಹಾ" ಎಂದು ತಲೆದೂಗಿದರು. ನಾನು ಅವರ ಕಡೆ ಹೆಜ್ಜೆ ಇಟ್ಟೆ, ಅಮ್ಮ ಬೇಡ ಎಂದು ಕೈ ಅಡ್ಡ ಹಿಡಿದರು. ಆ ನಿಶ್ಶಬ್ದದಲ್ಲಿ ಅವರ ಅಂಗೈ ಸದ್ದೊಂದೇ. ನಾವಿಬ್ಬರೂ ಕೇಳುತ್ತ ನಿಂತೆವು. ಕೃತಿ ಎಲ್ಲಿಗೆ ಬಂತೆಂದು ಆ ತಾಳದಿಂದಲೇ ನನಗೂ ಗೊತ್ತಾಗುತ್ತಿತ್ತು, ವರ್ಷವಿಡೀ ಕೇಳಿದ್ದೆನಲ್ಲ. ಕೊನೆಗೆ ಅದು ಮುಗಿಯುವಲ್ಲೇ ಮುಗಿಯಿತು. ಅವರು ಕೈ ಜೋಡಿಸಿ, ಕಣ್ಣು ತೆರೆದರು.

ಆಂಪ್ಲಿಫೈಯರಿನ ಸಣ್ಣ ದೀಪ ಆರಿರುವುದನ್ನು ನೋಡಿದರು. ಸೆರಗಿನಲ್ಲಿ ಮುಖ ಒರೆಸುತ್ತಿದ್ದ ಅಮ್ಮನನ್ನು ನೋಡಿದರು.

"ಯಾವಾಗ ಹೋಯ್ತೋ?"

ಈಗ್ತಾನೆ ಎಂದು ಕೈಸನ್ನೆ ಮಾಡಿದೆ. ನಂಬಲಿಲ್ಲ ಎಂದು ಅವರ ಕಣ್ಣೇ ಹೇಳುತ್ತಿತ್ತು. ಸ್ಪೀಕರುಗಳ ಕಡೆ ನೋಡಿ ಮೈ ಕುಲುಕುವಂತೆ ನಗತೊಡಗಿದರು.

"ಥೂ, ಇದು ಮೊದ್ಲೇ ಗೊತ್ತಿದ್ದಿದ್ರೆ! ಬಂದೋರೆಲ್ಲ ಕರೆಂಟ್ ಎಷ್ಟು ಎಳೆಯುತ್ತೆ ಅಂತ ತಾನೇ ಕೇಳ್ತಿದ್ರು? ಕರೆಂಟೇ ಬೇಡ ಅಂತ ಹೇಳಿ ಮೈಸೂರಲ್ಲಿ ಮನೆಗೊಂದು ಜೊತೆ ಮಾರ್ಬುಡ್ಬೋದಿತ್ತಲ್ಲೋ!"