ಮೂರು ಜನ ಮತ್ತು ಒಂದು ಕಲ್ಲು

ಬೆಳಿಗ್ಗೆ ಒಂಬತ್ತೂವರೆಗೆ ಬಂದ ಆ ಫೋನನ್ನು ಗಾಬರಿರಾಯ ಎತ್ತದೇ ಇದ್ದಿದ್ದರೆ ಅವನ ಹಲ್ಲಿಗೆ ನೋವು ಬರುತ್ತಿರಲಿಲ್ಲ.

"ಸಾರ್, ಕಲ್ಲಂಗಡಿಯಿಂದ ಮಾತಾಡ್ತಾ ಇದ್ದೀನಿ. ನಿಮ್ಮ ಅಡುಗೆಕಟ್ಟೆ ಕಲ್ಲು ರೆಡಿ. ಹನ್ನೊಂದಕ್ಕೆ ಗಾಡಿ ನಿಮ್ಮ ಗೇಟಿನ ಹತ್ರ ಇರುತ್ತೆ."

"ಇವತ್ತಾ? ಶನಿವಾರ ಅಂದಿದ್ರಲ್ಲ!"

"ಶನಿವಾರ ಗಾಡಿ ಇಲ್ಲ ಸಾರ್. ಇವತ್ತು ತಗೊಂಡ್ರೆ ಆಯ್ತು, ಇಲ್ಲದಿದ್ರೆ ಇನ್ನು ಮೂರು ವಾರ."

ಗಾಬರಿರಾಯ ಕೆನ್ನೆಗೆ ಕೈ ಹೊಡೆದುಕೊಂಡು ಹಾಗೇ ಕೂತುಬಿಟ್ಟ. ಪಕ್ಕದ ಸೀಟಿನವಳು ಕಿವಿಗೆ ಹಾಕಿದ್ದ ಹೆಡ್‌ಫೋನನ್ನು ಅರ್ಧ ಸರಿಸಿ ನೋಡಿದಳು. "ಅಯ್ಯೋ, ಹಲ್ಲು ನೋವಾ?"

"ಹೂಂ" ಅಂದ ಗಾಬರಿರಾಯ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಬಾಯಿ ತೆರೆದಾಗ ಅದೇ ಹೊರಬಂತು.

"ಫೋನಲ್ಲಿ ಏನೋ ಕಲ್ಲಂಗಡಿ ಅಂತ ಕೇಳಿಸ್ತು. ಹಲ್ಲು ನೋವಿಟ್ಕೊಂಡು ತಣ್ಣಗಿರೋ ಹಣ್ಣು ತಿನ್ನಬೇಡಿ, ನರ ಎದ್ದುಬಿಡುತ್ತೆ."

ಅದು ಲಿಫ್ಟ್ ತಯಾರಿಸುವ ಕಂಪನಿಯೊಂದರ ಸಹಾಯವಾಣಿ ವಿಭಾಗ. ಊರಲ್ಲಿ ಯಾರೋ ಎಲ್ಲೋ ಲಿಫ್ಟಿನೊಳಗೆ ಸಿಕ್ಕಿಕೊಂಡು ಕೆಂಪು ಗುಂಡಿ ಒತ್ತಿದರೆ ಇಲ್ಲಿ ಗಂಟೆ ಹೊಡೆಯುತ್ತದೆ. "ಗಾಬರಿ ಆಗಬೇಡಿ" ಎಂದು ದಿನಕ್ಕೆ ನಲವತ್ತು ಸಲ ಹೇಳುವುದೇ ಅವನ ಉದ್ಯೋಗ. ಇರುವ ಧೈರ್ಯವನ್ನೆಲ್ಲ ಹೀಗೆ ಪರರಿಗೆ ಹಂಚಿ ಮುಗಿಸಿದ್ದರಿಂದಲೋ ಏನೋ, ತನ್ನ ಸ್ವಂತ ವಿಷಯ ಬಂದಾಗ ಎಲ್ಲರಿಗಿಂತ ಮೊದಲು ಗಾಬರಿಯಾಗುವವನು ಅವನೇ. ಹೆಸರು ಹಾಗೆ ಬಂದದ್ದು.

ರಜೆ ಕೇಳೋಣವೆಂದರೆ ಒಂದೂ ಉಳಿದಿರಲಿಲ್ಲ. ನಾಲ್ಕು ತಿಂಗಳಿಂದ ಅವನ ರಜೆಗಳನ್ನೆಲ್ಲ ಅಡುಗೆಮನೆ ನುಂಗಿತ್ತು. ಹಳೇ ಕಟ್ಟೆ ಒಡೆಯಲು ಎರಡು ದಿನ, ಒಡೆಯುವಾಗ ಪೈಪಿಗೂ ಏಟು ಬಿದ್ದದ್ದಕ್ಕೆ ಒಂದು ದಿನ, ಗೋಡೆಗೆ ಟೈಲು ಅಂಟಿಸಲು ಎರಡು ದಿನ, ಅಂಟಿಸಿದ ಟೈಲುಗಳು ಒಂದೊಂದಾಗಿ ರಾಜೀನಾಮೆ ಕೊಟ್ಟು ಕೆಳಗಿಳಿದಾಗ ಮತ್ತೆರಡು ದಿನ. ಕಳೆದ ವಾರ ವಿಭಾಗದ ಮೇಲಧಿಕಾರಿ ಮೇಡಂ ಕರೆದು ಹೇಳಿದ್ದರು: "ಇನ್ನು ಮುಂದೆ 'ಅಡುಗೆಮನೆ' ಅನ್ನೋ ಪದ ಈ ಆಫೀಸಲ್ಲಿ ನನ್ನ ಕಿವಿಗೆ ಬೀಳಬಾರದು."

ಹಾಗಂತ ಮೂರು ವಾರ ಕಾಯುವ ಹಾಗೂ ಇರಲಿಲ್ಲ. ಹೆಂಡತಿ ನಾಲ್ಕು ತಿಂಗಳಿಂದ ನಡುಮನೆಯ ನೆಲದ ಮೇಲೆ ಒಲೆ ಇಟ್ಟುಕೊಂಡು, ಕುಕ್ಕರುಗಾಲಲ್ಲಿ ಕೂತು ಬೇಯಿಸುತ್ತಿದ್ದಳು. ಅವಳು ಅವನಿಗಿಂತ ಒಂದು ತಲೆ ಎತ್ತರ. ಹಳೇ ಕಟ್ಟೆಯ ಮುಂದೆ ಹನ್ನೆರಡು ವರ್ಷ ಬಗ್ಗಿ ನಿಂತು, ಪ್ರತಿ ಸಂಜೆ ಸೊಂಟಕ್ಕೆ ಕೈಕೊಟ್ಟು ನಿಧಾನವಾಗಿ ನೆಟ್ಟಗಾಗುತ್ತಿದ್ದಳೇ ಹೊರತು ಒಂದು ದಿನವೂ ದೂರು ಹೇಳಿದವಳಲ್ಲ. ಮೇಸ್ತ್ರಿಯನ್ನು ಕರೆಸಿ ಕಟ್ಟೆ ಎತ್ತರಿಸಿ ಎಂದರೆ, "ಎಲ್ಲರ ಮನೇಲೂ ಇಷ್ಟೇ ಸಾರ್, ಬೇಕಾದ್ರೆ ಹೋಗಿ ನೋಡಿ" ಎಂದು ನಕ್ಕು ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದ. ಆವತ್ತೇ ಗಾಬರಿರಾಯ ಸುತ್ತಿಗೆ ಕೊಂಡು ತಂದ.

ಈಗ ಕೆನ್ನೆ ಹಿಡಿದುಕೊಂಡೇ ಮೇಡಮ್ಮಿನ ಮುಂದೆ ನಿಂತ. ಅವರು ತಲೆ ಎತ್ತುವಷ್ಟರಲ್ಲಿ ಪಕ್ಕದ ಸೀಟಿನವಳು ಹಿಂದೆಯೇ ಬಂದು, "ಮೇಡಂ, ಪಾಪ, ದವಡೆ ಊದಿಕೊಂಡಿದೆ. ಆ ಕಡೆ ಕಣ್ಣೂ ಸಣ್ಣಗಾಗಿದೆ" ಎಂದು ಸಾಕ್ಷಿ ಹೇಳಿದಳು.

"ಕೀಳಿಸ್ಕೊಂಡು ಬನ್ನಿ. ಒಂದೇ ಗಂಟೆ. ನಿಮ್ಮ ಕರೆಗಳನ್ನ ಅಲ್ಲೀವರೆಗೆ ನಾನೇ ತಗೋತೀನಿ" ಅಂದರು ಮೇಡಂ.

ಗಾಬರಿರಾಯ ತನ್ನ ಅಪಾರ್ಟ್‌ಮೆಂಟಿನ ಗೇಟಿಗೆ ಓಡಿ ಬರುವ ಹೊತ್ತಿಗೆ ಗಾಡಿ ಹೊರಟಿತ್ತು. ಆರಡಿ ಉದ್ದದ ಕರಿಕಲ್ಲು ಕಾಂಪೌಂಡಿಗೆ ಒರಗಿ, ತಪ್ಪು ವಿಳಾಸಕ್ಕೆ ಬಂದ ನೆಂಟನ ಹಾಗೆ ನಿಂತಿತ್ತು.

"ಸ್ವಾಮೀ, ಮೂರನೇ ಮಹಡಿಗೆ ಏರಿಸಿಕೊಡಿ!" ಎಂದು ಅವನು ಗಾಡಿಯ ಹಿಂದೆ ಹತ್ತು ಹೆಜ್ಜೆ ಓಡಿದ.

"ಇಳಿಸೋದು ನಮ್ದು, ಏರಿಸೋದು ನಿಮ್ದು" ಎಂಬ ಉತ್ತರ ಹೊಗೆಯೊಂದಿಗೆ ಬಂತು.

ಮೊದಲು ಬಂದವರು ಎರಡನೇ ಮಹಡಿಯ ಸರ್ವೇ ತಾತ. ಮೂವತ್ತು ವರ್ಷ ಭೂಮಿ ಅಳೆದು ನಿವೃತ್ತರಾದವರು. ಜೇಬಿನಲ್ಲಿ ಅಳತೆಪಟ್ಟಿ ಇಲ್ಲದೆ ಮನೆ ಬಿಟ್ಟವರಲ್ಲ. ಕಿವಿ ಮಂದ. ಅದಕ್ಕೊಂದು ಯಂತ್ರವಿತ್ತು, ಬ್ಯಾಟರಿ ಖರ್ಚಾಗುತ್ತದೆಂದು ಅದೂ ಜೇಬಿನಲ್ಲೇ ಇರುತ್ತಿತ್ತು. ಅವರು ಕಲ್ಲನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಅಳೆದು, "ಲಿಫ್ಟಿಗೆ ನೆಟ್ಟಗೆ ಹಿಡಿಯಲ್ಲ. ಓರೆಯಾಗಿ ಹಿಡಿಯುತ್ತೆ. ಬೆರಳಗಲ ಮಿಗುತ್ತೆ" ಎಂದು ತೀರ್ಪು ಕೊಟ್ಟರು.

ಅಷ್ಟರಲ್ಲಿ ಕೆಳಮನೆಯ ಟೈಲರಮ್ಮ ಬಟ್ಟೆಯ ಥಾನು ಸಾಗಿಸುವ ತಳ್ಳುಗಾಡಿ ಎಳೆದುಕೊಂಡು ಬಂದೇಬಿಟ್ಟಳು. "ಒಬ್ಬರೇ ಎತ್ತಿ ಸೊಂಟ ಮುರ್ಕೋತೀರಾ? ಇಡಿ ಇದರ ಮೇಲೆ. ನಿಧಾನ. ನಿಧಾನ ಅಂದ್ನಲ್ಲ, ಅದು ನನ್ನ ಕಾಲು!"

ಅಂತೂ ಮೂವರೂ ಏದುಸಿರು ಬಿಡುತ್ತ ಕಲ್ಲನ್ನು ಲಿಫ್ಟಿನೊಳಗೆ ಓರೆಯಾಗಿ ನಿಲ್ಲಿಸಿದರು. ಕಲ್ಲಿನ ಈ ಕಡೆ ಗಾಬರಿರಾಯ ಮತ್ತು ತಾತ, ಆ ಕಡೆ ಟೈಲರಮ್ಮ. ಬಾಗಿಲು ಮುಚ್ಚಿತು. ಲಿಫ್ಟು ಒಂದನೇ ಮಹಡಿ ದಾಟಿತು, ಎರಡನೆಯದನ್ನೂ ದಾಟಿತು. ಅಲ್ಲಿ ಕಲ್ಲು ಕೊಂಚ ಜರುಗಿ 'ಟಕ್' ಎಂದಿತು. ಲಿಫ್ಟು ನಿಂತಿತು.

"ಬಂತಾ?" ಕೇಳಿದರು ತಾತ.

"ಬಂದಿಲ್ಲ, ನಿಂತಿದೆ" ಅಂದಳು ಟೈಲರಮ್ಮ. "ನಿಮ್ಮದೇ ಕಂಪನಿ ಲಿಫ್ಟಲ್ವೇನ್ರೀ? ಏನಾದ್ರೂ ಮಾಡಿ."

ಹನ್ನೊಂದು ವರ್ಷಗಳಲ್ಲಿ ಸಾವಿರಾರು ಜನರನ್ನು ಫೋನಿನಲ್ಲೇ ಲಿಫ್ಟಿನಿಂದ ಪಾರುಮಾಡಿದ್ದ ಗಾಬರಿರಾಯನಿಗೆ ಒಂದೇ ಒಂದು ಪ್ರಶ್ನೆಯೂ ನೆನಪಿಗೆ ಬರಲಿಲ್ಲ. ನೆನಪಿದ್ದದ್ದು ಒಂದೇ: ಆ ಕೆಂಪು ಗುಂಡಿ ಒತ್ತಿದರೆ ಕರೆ ಎಲ್ಲಿಗೆ ಹೋಗುತ್ತದೆ ಎಂಬುದು.

"ಗುಂಡಿ ಮಾತ್ರ ಒತ್ತಬೇಡಿ!" ಎಂದು ಕೂಗಿದ.

ಟೈಲರಮ್ಮ ಒತ್ತಿಯಾಗಿತ್ತು.

"ನಮಸ್ಕಾರ, ಗಾಬರಿ ಆಗಬೇಡಿ" ಎಂದಿತು ಗೋಡೆಯ ತೂತುಗಳಿಂದ ಮೇಡಮ್ಮಿನ ಗಟ್ಟಿ ಧ್ವನಿ. "ಒಳಗೆ ಎಷ್ಟು ಜನ ಇದ್ದೀರಿ?"

ಗಾಬರಿರಾಯ ಬಾಯಿಗೆ ಕರವಸ್ತ್ರ ತುರುಕಿಕೊಂಡು ತಾತನ ಕಡೆ ಕೈಮಾಡಿದ. ತಾತ ಗಂಟಲು ಸರಿಮಾಡಿಕೊಂಡು ಗೋಡೆಗೆ ಹೇಳಿದರು: "ಮೂರು ಜನ ಮತ್ತು ಒಂದು ಕಲ್ಲು."

"ಕಲ್ಲಾ? ಸರಿ... ಯಾರಿಗಾದರೂ ಆರೋಗ್ಯದ ತೊಂದರೆ ಇದೆಯಾ?"

ಗಾಬರಿರಾಯ ಕರವಸ್ತ್ರ ತೆಗೆದು ತಾತನ ಕಿವಿಯಲ್ಲಿ ಪಿಸುಗುಟ್ಟಿದ. ತಾತನಿಗೆ ಕೇಳಿಸಲಿಲ್ಲ. ಇನ್ನೊಂದು ಸಲ, ಸ್ವಲ್ಪ ಜೋರಾಗಿ ಪಿಸುಗುಟ್ಟಿದ. ತಾತ ತಲೆಯಾಡಿಸಿ, ಗದ್ದೆಯ ಆ ತುದಿಯಲ್ಲಿ ಅಳತೆ ಸರಪಳಿ ಹಿಡಿದವನಿಗೆ ಕೂಗುವ ಧ್ವನಿಯಲ್ಲಿ ಹೇಳಿದರು: "ಇಲ್ಲೊಬ್ಬರು ಹಲ್ಲು ಕೀಳಿಸೋಕೆ ಹೋಗಿದ್ದಾರಂತೆ. ಇಲ್ಲಿ ಇಲ್ಲವಂತೆ. ಹಾಗಂತ ನಿಮಗೆ ಹೇಳಬೇಕಂತೆ!"

ಲಿಫ್ಟಿನ ಫ್ಯಾನೂ ಉಸಿರು ಬಿಗಿಹಿಡಿದ ಹಾಗಿತ್ತು.

"ನೋವು ಹೇಗಿದೆ ಈಗ?" ಕೇಳಿತು ಗೋಡೆ, ಬಹಳ ಮೃದುವಾಗಿ.

"ಕಡಿಮೆ ಆಗಿದೆ ಮೇಡಂ" ಎಂದ ಗಾಬರಿರಾಯ, ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ ಹುಡುಗನ ಧ್ವನಿಯಲ್ಲಿ.

"ಬಾಗಿಲು ಪೂರ್ತಿ ಮುಚ್ಚಿದೆಯಾ, ನೋಡಿ ಹೇಳಿ. ಮೊದಲನೇ ಪ್ರಶ್ನೆ ಅದೇ ಅಲ್ವಾ? ನೀವೇ ಹೊಸಬರಿಗೆ ಕಲಿಸ್ತೀರಿ."

ತಾತ ತಕ್ಷಣ ಅಳತೆಪಟ್ಟಿ ಹೊರತೆಗೆದರು. "ಅರ್ಧ ಇಂಚು ತೆರೆದಿದೆ!" ಜರುಗಿದ ಕಲ್ಲಿನ ಮೂಲೆ ಬಾಗಿಲನ್ನು ಒಳಗಿನಿಂದ ತಳ್ಳಿ ಹಿಡಿದಿತ್ತು. ಈ ಕಡೆಯಿಂದ ಇಬ್ಬರು ಎಳೆದರು, ಆ ಕಡೆಯಿಂದ ಟೈಲರಮ್ಮ ಬೆನ್ನುಕೊಟ್ಟು ನೂಕಿದಳು. ಬಾಗಿಲು ಕೂಡಿಕೊಂಡಿತು. ಲಿಫ್ಟು ಏನೂ ನಡೆದೇ ಇಲ್ಲವೆಂಬಂತೆ ಮೇಲೇರಿತು.

"ಮೇಡಂ, ಅದು..." ಎಂದು ಗಾಬರಿರಾಯ ಶುರುಮಾಡಿದ.

"ಅರ್ಧ ದಿನದ ಸಂಬಳ ಹೋಗುತ್ತೆ. ಮುಂದಿನ ಎರಡು ಭಾನುವಾರ ನಿಮ್ಮದೇ ಡ್ಯೂಟಿ" ಅಂದಿತು ಧ್ವನಿ. ಆಮೇಲೆ ಕೊಂಚ ತಗ್ಗಿ, "ಕಲ್ಲು ಕರೀದಾ, ಬಿಳೀದಾ?"

"ಕರೀದು ಮೇಡಂ. ಸಣ್ಣ ಸಣ್ಣ ಬೆಳ್ಳಿ ಚುಕ್ಕೆ ಇದೆ."

"ಒಳ್ಳೇದು. ಕಲೆ ಕಾಣಲ್ಲ. ಹೋಗಿ ಮುಗಿಸಿ."

ಆ ಮಧ್ಯಾಹ್ನ ಗಾಬರಿರಾಯ ಊಟ ಮಾಡಲಿಲ್ಲ. ಗಾರೆ ಕಲಸಿದ, ಇಟ್ಟಿಗೆಯ ಕಾಲುಗಳ ಮೇಲೆ ಹಾಸಿದ. ಮೂವರೂ ಸೇರಿ ಕಲ್ಲನ್ನು ಎತ್ತಿ, ಕೂಸನ್ನು ತೊಟ್ಟಿಲಲ್ಲಿ ಮಲಗಿಸುವ ಹಾಗೆ ಅದರ ಮೇಲೆ ಇಳಿಸಿದರು. ತಾತ ಮೂಲೆಯಲ್ಲೊಂದು ಗೋಲಿ ಇಟ್ಟು ನೋಡಿದರು. ಗೋಲಿ ಅಲುಗಲಿಲ್ಲ. ತಾತನ ಮುಖದಲ್ಲಿ ಕೊಂಚ ನಿರಾಸೆಯೂ ಕಾಣಿಸಿತು. ಇಪ್ಪತ್ತು ನಿಮಿಷದ ಉಪದೇಶವೊಂದು ಅವರ ಬಾಯಲ್ಲಿ ಸಿದ್ಧವಾಗಿತ್ತು.

ಟೈಲರಮ್ಮ ಕಟ್ಟೆಯನ್ನೂ ಗಾಬರಿರಾಯನನ್ನೂ ಒಟ್ಟಿಗೆ ನೋಡಿ ಹುಬ್ಬೇರಿಸಿದಳು. "ಬಹಳ ಎತ್ತರ ಆಯ್ತಲ್ಲ. ನಿಮ್ಮ ಎದೆಗೆ ಬರುತ್ತೆ."

"ನನಗಲ್ಲ, ಅವಳಿಗೆ. ಅವಳು ಪೇಪರ್ ಓದ್ತಾ ನಿಂತಿದ್ದಾಗ ಹಿಂದಿನಿಂದ ಹೋಗಿ ಮೊಣಕೈ ಅಳತೆ ತಗೊಂಡಿದ್ದೆ. ಮೂರು ಸಲ" ಎಂದ ಗಾಬರಿರಾಯ. ಮುಖದ ತುಂಬ ಸಿಮೆಂಟು ಇದ್ದರೂ ನಾಚಿಕೊಂಡದ್ದು ಗೊತ್ತಾಯಿತು.

"ಬೆಳಗಾಗೋಷ್ಟರಲ್ಲಿ ಗಾರೆ ಬಂಡೆ ಆಗುತ್ತೆ. ಆಮೇಲೆ ಆನೆ ಬಂದು ಎಳೆದರೂ ಅಲ್ಲಾಡಲ್ಲ" ಎಂದರು ತಾತ, ಕಲ್ಲಿನ ಅಂಚು ಸವರುತ್ತ.

ಐದೂವರೆಗೆ ನಲ್ಲಿ ತಿರುಗಿಸಿದರೆ ನೀರು ಬಂತು. ಬರಬೇಕಾದ ಜಾಗದಿಂದಲೇ ಬಂತು, ಬೇರೆಲ್ಲಿಂದಲೂ ಬರಲಿಲ್ಲ. ಮೂವರೂ ಚಪ್ಪಾಳೆ ತಟ್ಟಿದರು.

ಆರು ಗಂಟೆಗೆ ಹೆಂಡತಿ ಬಂದಳು. ಆಸ್ಪತ್ರೆಯ ರಕ್ತಪರೀಕ್ಷೆಯ ವಿಭಾಗದಲ್ಲಿ ಅವಳ ಕೆಲಸ. ಬಾಗಿಲಲ್ಲೇ ಬ್ಯಾಗು ಕೆಳಗಿಟ್ಟು, ಏನೋ ಹೇಳಲು ಬಾಯಿ ತೆರೆದವಳು ಕಟ್ಟೆ ಕಂಡಳು. ಮೆಲ್ಲಗೆ ನಡೆದು ಬಂದು ಅದರ ಮುಂದೆ ನಿಂತಳು. ಕೈಗಳನ್ನು ಕಲ್ಲಿನ ಮೇಲಿಟ್ಟಳು. ಮೊಣಕೈ ಅಂಚಿಗೆ ಸರಿಯಾಗಿ ಬಂತು. ಬೆನ್ನು ಬಗ್ಗಲಿಲ್ಲ. ಇನ್ನೂ ಬಗ್ಗಬೇಕೇನೋ ಎಂದು ಅವಳ ಸೊಂಟ ಒಂದು ಕ್ಷಣ ಅಭ್ಯಾಸಬಲದಿಂದ ಅನುಮಾನಿಸಿತು, ಆಮೇಲೆ ನಂಬಿತು.

"ನನ್ನ ಅಳತೆ ಯಾವಾಗ ತಗೊಂಡ್ರಿ?" ಎಂದಳು. ಕಣ್ಣು ಒದ್ದೆಯಾಗಿತ್ತು.

ಗಾಬರಿರಾಯ ಸಿಮೆಂಟಿನ ಕೈಯನ್ನು ಅಂಗಿಗೆ ಒರೆಸಿಕೊಂಡ. ನಾಲ್ಕು ತಿಂಗಳ ಧೂಳು, ಮೇಸ್ತ್ರಿಯ ನಗು, ಅರ್ಧ ದಿನದ ಸಂಬಳ, ಎಲ್ಲ ಆ ಪ್ರಶ್ನೆಯಲ್ಲಿ ತೊಳೆದುಹೋಯಿತು.

"ನಾನೂ ಒಂದು ಸುದ್ದಿ ತಂದಿದ್ದೀನಿ" ಎಂದಳು ಅವಳು ಸೆರಗಲ್ಲಿ ಕಣ್ಣೊರೆಸಿಕೊಂಡು. "ಸೋಮವಾರದಿಂದ ನನ್ನನ್ನ ಪಾಳಿಯ ಮುಖ್ಯಸ್ಥೆ ಮಾಡಿದ್ದಾರೆ. ಹನ್ನೊಂದು ಜನ ನನ್ನ ಕೈಕೆಳಗೆ!"

ಆರು ವರ್ಷದಿಂದ ಅವಳು ಕಾಯುತ್ತಿದ್ದ ಬಡ್ತಿ. ಗಾಬರಿರಾಯ ನಿಂತಲ್ಲೇ ಒಂದು ಸಲ ಜಿಗಿದ. ಟೈಲರಮ್ಮ ಅವಳನ್ನು ತಬ್ಬಿಕೊಂಡಳು. ತಾತನಿಗೆ ವಿಷಯ ಕೇಳಿಸದಿದ್ದರೂ ಎಲ್ಲರೂ ನಗುತ್ತಿದ್ದುದರಿಂದ ತಾವೂ ಆಶೀರ್ವಾದ ಮಾಡಿದರು.

"ಯಾವ ಪಾಳಿ?" ಕೇಳಿದಳು ಟೈಲರಮ್ಮ.

"ಸಂಜೇದು. ನಾಲ್ಕರಿಂದ ಹನ್ನೆರಡು. ಬೆಳಿಗ್ಗೆ ಇವರು ಆಫೀಸಿಗೆ ಹೋಗೋ ಹೊತ್ತಿಗೆ ನಾನಿನ್ನೂ ನಿದ್ದೆಯಲ್ಲಿರ್ತೀನಿ. ಮುಖ್ಯಸ್ಥೆ ಅಂದ್ಮೇಲೆ ಮಧ್ಯಾಹ್ನದ ಊಟದ ಹೊತ್ತಿಗೇ ಅಲ್ಲಿರ್ಬೇಕು, ನನ್ನ ಊಟ ತಿಂಡಿ ಎಲ್ಲ ಆಸ್ಪತ್ರೆಯಲ್ಲೇ ಕೊಡ್ತಾರೆ." ಅವಳು ಗಂಡನ ಕಡೆ ತಿರುಗಿದಳು. ಮಾತು ನಿಧಾನವಾಯಿತು. "ಎರಡೇ ವರ್ಷ. ಆಮೇಲೆ ಹಗಲಿಗೆ ಹಾಕ್ತಾರಂತೆ... ಅಲ್ಲೀವರೆಗೆ ಇಲ್ಲಿ ಅಡುಗೆ ನೀವೇ..."

ನಾಲ್ವರೂ ಕಟ್ಟೆಯನ್ನು ನೋಡಿದರು. ಆಮೇಲೆ, ಪಕ್ಕದಲ್ಲಿ ನಿಂತಿದ್ದ ಗಾಬರಿರಾಯನ ಎತ್ತರವನ್ನು ನೋಡಿದರು.

"ನೆಲವನ್ನ ಎಂಟು ಇಂಚು ಎತ್ತರಿಸಿದರೆ ಆಯ್ತು" ಎಂದರು ತಾತ, ಪಾಯ ತೋಡುವವರ ಉತ್ಸಾಹದಲ್ಲಿ.

"ಆಗ ಇವಳು ಮತ್ತೆ ಬಗ್ಗಬೇಕಾಗುತ್ತೆ" ಎಂದ ಗಾಬರಿರಾಯ.

"ಹಾಗಾದ್ರೆ ಅರ್ಧ ನೆಲ."

"ಬೇಡ ತಾತ. ಇದು ಹೀಗೇ ಇರಲಿ. ಭಾನುವಾರ ಅವಳಿಗೆ ರಜೆ ಇರುತ್ತಲ್ಲ."

"ಭಾನುವಾರ ನಾನೇ ಮಾಡ್ತೀನಿ. ನೆಟ್ಟಗೆ ನಿಂತ್ಕೊಂಡು" ಎಂದಳು ಹೆಂಡತಿ. ಬೆನ್ನನ್ನು ಇನ್ನೊಂದು ಸಲ ನೇರ ಮಾಡಿ, ಕಲ್ಲಿಗೆ ಒರಗಿ ನಿಂತು ನಕ್ಕಳು. "ಇವತ್ತೇ ಶುರುಮಾಡೋಣ. ನಾನು ಹೇಳ್ತೀನಿ, ನೀವು ಮಾಡಿ. ಮೊದಲು ಕೈ ತೊಳ್ಕೊಳ್ಳಿ."

ಅಡುಗೆ ಕಲಿಯಲು ಮೊದಲು ಮಾಡಬೇಕಾದದ್ದು ಇಷ್ಟು ಸುಲಭದ್ದೇ ಎಂದು ಗಾಬರಿರಾಯನಿಗೆ ಹುರುಪು ಬಂತು. ತುದಿಗಾಲಲ್ಲಿ ನಿಂತು, ಮೊಣಕೈಗಳನ್ನು ಹಾರಲಿರುವ ಹಕ್ಕಿಯಂತೆ ಮೇಲಕ್ಕೆತ್ತಿ ನಲ್ಲಿಯ ಕೆಳಗೆ ಕೈಯೊಡ್ಡಿದ. ತಣ್ಣೀರು ಬೆರಳಿನಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಮೊಣಕೈಗೆ ಹರಿದು, ಅಂಗಿಯ ತೋಳಿನೊಳಗೆ ದಾರಿ ಮಾಡಿಕೊಂಡು, ನೇರವಾಗಿ ಕಂಕುಳಿಗೆ ಇಳಿಯಿತು.

ಅವನು ಕೈ ಹಿಂದಕ್ಕೆಳೆಯಲಿಲ್ಲ. ನಡುಗುತ್ತಲೇ ಗೋಡೆಯ ಹೊಸ ಟೈಲುಗಳನ್ನು ದಿಟ್ಟಿಸಿದ.

"ಬಿಸಿನೀರಿನ ಪೈಪೂ ಹಾಕಿಬಿಡ್ತೀನಿ" ಎಂದ. "ಎರಡು ದಿನದ ಕೆಲಸ, ಅಷ್ಟೇ."