ಬಂಗಲೆ ಬೇಡವೆಂದ ಹುಡುಗಿ

"ಆಗಸ್ಟ್ ಹದಿನೆಂಟು. ಬೆಳಗ್ಗೆ ನಲ್ಲಿ ನೀರು ಬಂತು. ಮೊಮ್ಮಗಳು ಕಾಲೇಜಿನಿಂದ ಒಂದು ಹಳೇ ಇಂಗ್ಲಿಷ್ ಕಾದಂಬರಿ ತಂದಳು. ದಪ್ಪ ಇದೆ."

ನನ್ನ ಹಳೆಯ ಡೈರಿಯ ಆ ಪುಟದಲ್ಲಿ ಇಷ್ಟೇ ಇದೆ. ಮುಂದಿನ ಪುಟಗಳಲ್ಲಿ ಏನೇನು ಬರೆಯಬೇಕಾಗುತ್ತದೆಂದು ಗೊತ್ತಿದ್ದರೆ ಪುಸ್ತಕವನ್ನು ಅವತ್ತೇ ವಾಪಸ್ ಕಳಿಸುತ್ತಿದ್ದೆ. ನಮ್ಮ ಮನೆಯಲ್ಲಿ ಯಾವುದೂ ನೆಟ್ಟಗೆ ನಡೆದದ್ದಿಲ್ಲ. ಸಿಲಿಂಡರ್ ಇಳಿಸಲು ಬಂದವನು ಕೂಡ ಊಟ ಮಾಡಿ, ಪಕ್ಕದ ಮನೆಯ ಜಗಳಕ್ಕೆ ಪಂಚಾಯ್ತಿ ಹೇಳಿ ಹೋಗುತ್ತಾನೆ.

ನಾನು ಚಿತ್ರದುರ್ಗದಲ್ಲಿ ಬಿ.ಎ. ಮುಗಿಸಿ ಚಳ್ಳಕೆರೆಗೆ ಸೊಸೆಯಾಗಿ ಬಂದವಳು. ಆ ಕಾಲಕ್ಕೆ ನಮ್ಮ ಬೀದಿಯಲ್ಲಿ ಡಿಗ್ರಿ ಮಾಡಿದ ಹೆಂಗಸು ನಾನೊಬ್ಬಳೇ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ದಾಖಲೆಗೆ ಹೇಳುತ್ತಿದ್ದೇನೆ.

ಗೈಡ್ ಇಲ್ಲದ ಪುಸ್ತಕ

ಮೊಮ್ಮಗಳು ಬಿ.ಎ. ಎರಡನೇ ವರ್ಷ. ಕೊನೆಯ ವರ್ಷಕ್ಕೆ ಇಂಗ್ಲಿಷನ್ನೇ ಮುಖ್ಯ ವಿಷಯ ಮಾಡಿಕೊಳ್ಳಬೇಕು, ಮುಂದೆ ಲೆಕ್ಚರರ್ ಆಗಬೇಕು ಎಂಬುದು ಅವಳ ಆಸೆ. ಅದಕ್ಕೆ ಅವರ ಇಂಗ್ಲಿಷ್ ಮೇಷ್ಟ್ರು ಒಂದು ಷರತ್ತು ಇಟ್ಟಿದ್ದರು. ಈ ಕಾದಂಬರಿಯನ್ನು ಪೂರ್ತಿ ಓದಿ, ತರಗತಿಯ ಮುಂದೆ ನಿಂತು, ತನ್ನ ಅಭಿಪ್ರಾಯ ಹೇಳಬೇಕು. ಒಪ್ಪಿಗೆಯಾದರೆ ಇಂಗ್ಲಿಷ್, ಇಲ್ಲದಿದ್ದರೆ ಬೇರೆ ವಿಷಯ.

ಓದುವುದು ಕಷ್ಟವಾಗಿರಲಿಲ್ಲ. ಕಷ್ಟವಾದದ್ದು ಮೇಷ್ಟ್ರು ಹೇಳಿದ ಇನ್ನೊಂದು ಮಾತು. ಗೈಡ್‌ನಲ್ಲಿರುವುದನ್ನು ಹೇಳಕೂಡದು, ನಿಮಗೇನನ್ನಿಸಿತೋ ಅದನ್ನೇ ಹೇಳಬೇಕು ಎಂದಿದ್ದರಂತೆ. ಹುಡುಗಿ ಚಳ್ಳಕೆರೆಯ ಪುಸ್ತಕದಂಗಡಿಗಳನ್ನೆಲ್ಲ ಸುತ್ತಿ, ಚಿತ್ರದುರ್ಗಕ್ಕೂ ಹೋಗಿ, ಸಂಜೆ ಬರಿಗೈಯಲ್ಲಿ ಬಂದು ಜಗುಲಿ ಮೇಲೆ ಕೂತಳು. ಏನಾಯಿತು ಎಂದೆ.

"ಅಜ್ಜಿ, ನನಗೇನನ್ನಿಸ್ತು ಅಂತ ಎಲ್ಲೂ ಸಿಗ್ತಿಲ್ಲ" ಎಂದಳು.

ಮಳೆ

ಕಥೆ ಇಷ್ಟು. ಇಂಗ್ಲೆಂಡಿನ ಒಂದು ಹಳ್ಳಿ. ಒಬ್ಬ ವ್ಯಾಪಾರಿಯ ಮಗಳು. ಗುಡ್ಡದ ಮೇಲೆ ದೊಡ್ಡ ಬಂಗಲೆಯ ಸಾಹುಕಾರ. ಅವನು ಅವಳನ್ನು ಮದುವೆಯಾಗುತ್ತೀಯಾ ಎಂದು ಕೇಳುತ್ತಾನೆ. ಅವಳು ಬೇಡ ಅನ್ನುತ್ತಾಳೆ. ಯಾಕೆ ಬೇಡ ಎಂದು ಅವಳೂ ಹೇಳುವುದಿಲ್ಲ, ಬರೆದವರೂ ಹೇಳುವುದಿಲ್ಲ. ಮೇಷ್ಟ್ರಿಗೆ ಬೇಕಾಗಿದ್ದದ್ದು ಅದೇ. ಯಾಕೆ ಬೇಡ ಅಂದಳು, ನಿನ್ನ ಅಭಿಪ್ರಾಯವೇನು?

ನಾನು ಸಹಾಯಕ್ಕೆ ಕೂತೆ. ಮಧ್ಯಾಹ್ನ ಅವಳು ಓದುವುದು, ನಾನು ಡಿಕ್ಷನರಿ ನೋಡಿ ಕನ್ನಡದಲ್ಲಿ ಹೇಳುವುದು. ಎಣ್ಣೆ ಮಿಲ್ಲಿನ ಕೆಲಸದಿಂದ ನಿವೃತ್ತರಾದ ನಮ್ಮ ಯಜಮಾನರು ಪಕ್ಕದಲ್ಲೇ ಮಲಗಿರುತ್ತಿದ್ದರು. ಪುಸ್ತಕದ ತುಂಬ ಮಳೆ. ಜಿಟಿಜಿಟಿ ಮಳೆ, ಗಾಳಿ ಮಳೆ, ಮೂರು ಪುಟ ಬರೀ ಮೋಡ. ಮಳೆ ಶುರುವಾದಾಗಲೆಲ್ಲ ಆ ಹುಡುಗಿ ಕಿಟಕಿಯ ಹತ್ತಿರ ನಿಂತು ಅಳುತ್ತಾಳೆ.

ಯಜಮಾನರು ಎದ್ದು ಕೂತು, ಎಷ್ಟು ದಿವಸದಿಂದ ಬರ್ತಾ ಇದೆ ಎಂದು ಕೇಳಿದರು. ಎಂಟನೇ ಅಧ್ಯಾಯದಿಂದ ಎಂದಳು ಮೊಮ್ಮಗಳು.

"ಎಂಟನೇ ಅಧ್ಯಾಯದಿಂದ ಹಿಡಿದು ಮಳೆ ಬರ್ತಾ ಐತೆ, ಆ ಹುಡುಗಿ ಅಳ್ತಾಳೆ?" ಯಜಮಾನರಿಗೆ ನಂಬಿಕೆಯೇ ಬರಲಿಲ್ಲ. ಸ್ವಲ್ಪ ಹೊತ್ತು ಯೋಚನೆ ಮಾಡಿ, ಶೇಂಗಾ ಕಿತ್ತು ಹೊಲದಲ್ಲೇ ಬಿಟ್ಟಿರಬೇಕು, ಅದು ನೆನೀತಾ ಇರಬೇಕು, ಅದಕ್ಕೇ ಅಳು, ಅಂಥ ಹೊತ್ತಲ್ಲಿ ಮದುವೆ ಮಾತು ತೆಗೆದರೆ ಯಾರು ಒಪ್ಪುತ್ತಾರೆ ಎಂದು ತೀರ್ಪು ಕೊಟ್ಟು ಮತ್ತೆ ಮಲಗಿದರು.

ಮರುದಿನ ಮೊಮ್ಮಗಳ ಟಿಪ್ಪಣಿ ನೋಡಿದರೆ, ಇಂಗ್ಲೆಂಡಿನ ಶೇಂಗಾ ಬೆಳೆಯ ಬಗ್ಗೆ ಅರ್ಧ ಪುಟ ಇತ್ತು. ಒಳ್ಳೆಯ ಇಂಗ್ಲಿಷಿನಲ್ಲಿತ್ತು. ಹೊಡೆದು ಹಾಕುವಾಗ ನನಗೇ ಬೇಸರವಾಯಿತು.

ಹುಡುಗ ಒಬ್ಬನೇ ಬಂದಿದ್ದ

ನಮ್ಮ ಮನೆಯ ಎದುರಿಗೆ ಒಂದು ಗ್ಯಾರೇಜ್ ಇದೆ. ಅದರ ಮೆಕಾನಿಕ್‌ನ ತಾಯಿಯನ್ನು ಬೀದಿಯವರೆಲ್ಲ ಖಾಲಾ ಎನ್ನುತ್ತೇವೆ. ಮಧ್ಯಾಹ್ನದ ನಮಾಜು ಮುಗಿಸಿ ಖಾಲಾ ಎಲೆಯಡಿಕೆಗೆಂದು ಬಂದವರು ಕಥೆ ಕೇಳಿ ಅಲ್ಲೇ ಉಳಿದರು. ಆಮೇಲೆ ದಿನವೂ ಬಂದರು.

ಪುಸ್ತಕದ ಇಂಗ್ಲಿಷ್ ಹೆಸರುಗಳು ಯಾರ ಬಾಯಿಗೂ ಹತ್ತಲಿಲ್ಲ. ಹಾಗಾಗಿ ಮದುವೆ ಮನೆಯಲ್ಲಿ ಹೇಳುವ ಹಾಗೆ ಆ ಹುಡುಗಿ "ನಮ್ಮ ಹುಡುಗಿ" ಆದಳು, ಸಾಹುಕಾರ "ಗಂಡಿನ ಕಡೆಯವನು" ಆದ. ನಾವೆಲ್ಲ ತಾನಾಗಿಯೇ ಹೆಣ್ಣಿನ ಕಡೆಯವರಾದೆವು. ಮೊಮ್ಮಗಳಿಗೆ ಅಭ್ಯಾಸವಾಗಲಿ ಎಂದು ನಾನು ಬಂದವರಿಗೆಲ್ಲ ಹೇಳಿಟ್ಟಿದ್ದೆ. ಇವಳೇ ಆ ಹುಡುಗಿ ಅಂದುಕೊಂಡು ಯಾಕಮ್ಮಾ ಬೇಡ ಅಂದೆ ಎಂದು ಕೇಳಿ, ಇವಳು ಉತ್ತರ ಹೇಳಲಿ. ಹಾಲಿನವನೂ ಕೇಳಿ ಹೋಗುತ್ತಿದ್ದ. ಇವಳು ಬಾಯಿಬಿಡದೆ ಪಾತ್ರೆ ಹಿಡಿಯುತ್ತಿದ್ದಳು.

ಖಾಲಾ ಮಾತ್ರ ಮೊದಲನೇ ದಿನವೇ ಉತ್ತರ ಕಂಡುಹಿಡಿದರು.

"ಅಕ್ಕಾ, ಕೇಳಾಕೆ ಯಾರು ಬಂದಿದ್ರು?"

ಹುಡುಗನೇ ಬಂದಿದ್ದ ಎಂದೆ.

"ಒಬ್ನೇನಾ? ಅಮ್ಮ ಇಲ್ಲ, ಫೂಫಿ ಅತ್ತೆ ಇಲ್ಲ, ಯಾರೂ ಇಲ್ಲ? ತೌಬಾ. ಮೊದ್ಲು ಹೆಂಗಸ್ರು ಬಂದು ಮನೆ ನೋಡ್ಬೇಕು, ಚಾ ಕುಡೀಬೇಕು, ಸುಮ್ನೆ ಎದ್ದು ಹೋಗ್ಬೇಕು. ಇವ್ನು ಕುದುರೆ ಮೇಲಿಂದ ಇಳಿದು ಹಂಗೇ ಕೇಳ್ದ ಅಂದ್ರೆ ಯಾವ ಹುಡುಗಿ ಹ್ಞೂಂ ಅಂತಾಳೆ?"

ಮೊಮ್ಮಗಳು, ಅಲ್ಲಿ ಹಾಗೆಲ್ಲ ಪದ್ಧತಿ ಇಲ್ಲ ಖಾಲಾ ಎಂದಳು. ಖಾಲಾ ಅವಳನ್ನು ಮರುಕದಿಂದ ನೋಡಿದರು.

"ಪದ್ಧತಿ ಇದ್ದಿದ್ರೆ ಪುಸ್ತಕ ಇಷ್ಟು ದಪ್ಪ ಆಗ್ತಿರ್ಲಿಲ್ಲ ಬೇಟಿ."

ಮೊಳಕಾಲ್ಮೂರಿನ ಬಸ್ಸು

ಆ ದಿನಗಳಲ್ಲೇ ಸೀರೆ ತರಲು ಮೊಳಕಾಲ್ಮೂರಿಗೆ ಹೋಗಬೇಕಾಯಿತು. ನನ್ನ ತಂಗಿಯನ್ನು ಅಲ್ಲಿಗೆ ಕೊಟ್ಟಿದೆ, ಮನೆಯಲ್ಲೇ ಮಗ್ಗವಿದೆ. ಬಸ್ಸು ತಳಕು ಊರನ್ನು ದಾಟುವ ಹೊತ್ತಿಗೆ ಅವಳ ಫೋನ್ ಬಂತು. ಕಥೆ ಎಲ್ಲಿಗೆ ಬಂತು ಎಂದು ಕೇಳಿದಳು, ಅವಳಿಗೂ ಅದರ ಹುಚ್ಚು ಹತ್ತಿತ್ತು. ಬಸ್ಸಿನ ಸದ್ದಿನಲ್ಲಿ ಕೇಳಿಸಲೆಂದು ನಾನು ಗಟ್ಟಿಯಾಗಿ ಮಾತಾಡಿದೆ.

"ಏನ್ ಹೇಳಲೇ, ನಮ್ಮ ಹುಡುಗಿ ಬೇಡ ಅಂದ್ಬಿಟ್ಳು. ಬಂಗಲೆ ಐತೆ, ಗಾಡಿ ಐತೆ, ಮನೆ ತುಂಬ ಆಳುಕಾಳು. ಬೇಡ ಅಂದ್ರೆ ಬೇಡ ಅಷ್ಟೆ. ಯಾಕೆ ಅಂತ ಬಾಯೇ ಬಿಡ್ತಿಲ್ಲ. ಗುರುವಾರದೊಳಗೆ ಹೇಳ್ಬೇಕು, ಕಾರಣ ಕೇಳಿ ಕೇಳಿ ಸಾಕಾಯ್ತು."

ನಮ್ಮ ಕಡೆ ಮದುವೆ ಮಾತು ಕುದುರುವ ತನಕ ಹೆಸರು ಎತ್ತುವುದಿಲ್ಲ, ದೃಷ್ಟಿಯಾಗುತ್ತದೆಂದು. ಹುಡುಗಿ, ಹುಡುಗ, ಆ ಕಡೆಯವರು, ಈ ಕಡೆಯವರು, ಇಷ್ಟರಲ್ಲೇ ಮಾತು ಮುಗಿಯಬೇಕು. ಆದ್ದರಿಂದ ನನ್ನ ಹಿಂದಿನ ಸೀಟಿನಲ್ಲಿ ಕೂತಿದ್ದ ಹೆಂಗಸಿಗೆ ಯಾವ ಅನುಮಾನವೂ ಬರಲಿಲ್ಲ. ಗಡಿಯ ಹತ್ತಿರದವರು, ಕನ್ನಡದ ಜೊತೆ ತೆಲುಗು ಸೇರಿಸಿ ಮಾತಾಡುತ್ತಿದ್ದರು. ಫೋನ್ ಇಟ್ಟ ಮೇಲೆ ಮುಂದಕ್ಕೆ ಬಾಗಿ, ಯಾವ ಊರಮ್ಮಾ, ಯಾವ ಬೀದಿ ಎಂದು ವಿಚಾರಿಸಿದರು. ಹೇಳಿದೆ. ಮನೆಯಲ್ಲಿ ಯಾರ್ಯಾರಿದ್ದಾರೆ ಎಂದರು. ಮೊಮ್ಮಗಳು ಬಿ.ಎ. ಓದುತ್ತಿರುವುದನ್ನು ಹೇಳಿದೆ, ನಾನೂ ಬಿ.ಎ. ಎಂಬುದನ್ನೂ ಹೇಳಿದೆ. ಗೇಟಿನ ಬಣ್ಣ ಕೇಳಿದರು, ನೀಲಿ ಎಂದೆ.

ಇಳಿಯುವಾಗ ಅವರು, ಮಾತಿನಲ್ಲೇ ಗೊತ್ತಾಗುತ್ತದೆ ಚೆನ್ನಾಗಿ ಓದಿದವರ ಮನೆ ಎಂದು ಅಂದರು. ಆ ರಾತ್ರಿ ಡೈರಿಯಲ್ಲಿ ಸೀರೆಯ ಬಣ್ಣ ಬರೆಯುವುದನ್ನು ಮರೆತಿದ್ದೇನೆ. ಈ ಮಾತನ್ನು ಬರೆದು ಅಡಿಗೆರೆ ಎಳೆದಿದ್ದೇನೆ.

ಗುರುವಾರ ಬೆಳಗ್ಗೆ

ಗುರುವಾರ ಮೊಮ್ಮಗಳ ಸರದಿ. ಸೆಮಿನಾರ್ ದಿನ ಹೆಣ್ಣುಮಕ್ಕಳು ಸೀರೆಯಲ್ಲಿ ಬರಬೇಕೆಂದು ಕಾಲೇಜಿನಲ್ಲಿ ಹೇಳಿದ್ದರಂತೆ. ನಾನು ತಂದ ಹೊಸ ರೇಷ್ಮೆ ಸೀರೆ ಉಡಿಸಿ, ಮಲ್ಲಿಗೆ ಮುಡಿಸಿದೆ. ಹೇಳಬೇಕಾದದ್ದನ್ನು ನಾನೇ ನಾಲ್ಕು ಪುಟ ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದೆ. ಅವಳು ಅದನ್ನು ಓದಿ, ಚೆನ್ನಾಗೈತೆ ಅಜ್ಜಿ, ಆದ್ರೆ ಇದು ನಿನಗನ್ನಿಸಿದ್ದು ಎಂದು ಮಡಚಿ ಕೊಟ್ಟಿದ್ದಳು. ತನಗೇನನ್ನಿಸಿತು ಎಂಬುದು ಮಾತ್ರ ಇನ್ನೂ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಬಸ್ಸಿನ ಹೆಂಗಸು, ಜೊತೆಗೆ ಇನ್ನಿಬ್ಬರು. ಕೈಯಲ್ಲಿ ಹಣ್ಣು, ಹೂವು, ತೆಂಗಿನಕಾಯಿ. ಪರಿಚಯದವರಲ್ಲವೇ, ಬನ್ನಿ ಎಂದು ಕೂರಿಸಿದೆ. ಯಜಮಾನರು ಕಾಯಿ-ಹಣ್ಣು ನೋಡಿ, ಇವರು ಜಟಿಂಗ ರಾಮೇಶ್ವರ ಬೆಟ್ಟದ ದೇವಸ್ಥಾನದ ಅನ್ನದಾನಕ್ಕೆ ಕೇಳಲು ಬಂದವರೆಂದುಕೊಂಡು, ಒಳಗಿನಿಂದ ಒಂದು ಚೀಲ ಅಕ್ಕಿ ತಂದು ಅವರ ಮುಂದಿಟ್ಟರು. ಬಸ್ಸಿನ ಹೆಂಗಸು ನಾಚಿಕೊಂಡರು.

"ಈಗ್ಲೇ ಇದೆಲ್ಲ ಯಾಕೆ ಯಜಮಾನ್ರೇ, ಮೊದ್ಲು ಮಾತುಕತೆ ಮುಗೀಲಿ."

ಯಾವ ಮಾತುಕತೆ ಎಂದು ನಾನು ಯೋಚಿಸುವಷ್ಟರಲ್ಲಿ ಮೊಮ್ಮಗಳು ಚಹಾ ತಂದಳು. ಆಕೆ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿ, ಪಕ್ಕದಲ್ಲಿ ಕೂರಿಸಿಕೊಂಡು ಮೆಲ್ಲಗೆ ಕೇಳಿದರು.

"ಬೇಜಾರು ಮಾಡ್ಕೋಬೇಡ ತಲ್ಲಿ. ಅಂಥಾ ಬಂಗಲೆಯೋನ್ನ ಯಾಕೆ ಬೇಡ ಅಂದೆ?"

ಮೊಮ್ಮಗಳು ನನ್ನ ಮುಖ ನೋಡಿದಳು. ಕೊನೆಯ ಘಳಿಗೆಯ ಅಭ್ಯಾಸಕ್ಕೆ ಅಜ್ಜಿಯೇ ಇವರನ್ನು ಕರೆಸಿದ್ದಾಳೆ ಎಂದುಕೊಂಡಳಂತೆ. ಹಾಲಿನವನಿಗೆ ಹೇಳದ್ದನ್ನು, ಖಾಲಾಗೆ ಹೇಳದ್ದನ್ನು, ಮುಖಪರಿಚಯವಿಲ್ಲದ ಆ ಹೆಂಗಸಿಗೆ ಹೇಳಿದಳು.

"ಮದ್ವೆ ಆಗ್ತೀಯಾ ಅಂತ ಕೇಳ್ದ. ಕೇಳಿ, ನಾನು ಬಾಯಿ ತೆಗೆಯೋಕೆ ಮುಂಚೇನೇ ಗುಡ್ಡದ ಕಡೆ ಕೈ ಮಾಡಿ, ಬಂಗಲೇಲಿ ನನ್ನ ರೂಮು ಯಾವ್ದು ಅಂತ ತೋರಿಸಾಕೆ ಹೊಂಟ. ಕೇಳಿದ್ಮೇಲೆ ಒಂದು ಘಳಿಗೆ ನಿಂತ್ಕೋಬೇಕಿತ್ತು. ನಾನು ಹ್ಞೂಂ ಅಂತಿದ್ನೋ ಏನೋ."

ನಾನು ಆ ಪುಟವನ್ನು ಎರಡು ಸಲ ಓದಿದ್ದೆ, ನನಗೆ ಇದು ಹೊಳೆದಿರಲಿಲ್ಲ. ಆಕೆ ಮೊಮ್ಮಗಳ ಕೈ ಹಿಡಿದು, ಸರಿಯಾಗೇ ಮಾಡಿದೆ ತಲ್ಲಿ ಎಂದರು. ಜೊತೆಗೆ ಬಂದಿದ್ದವರಲ್ಲಿ ಒಬ್ಬರು ತಡೆಯಲಾರದೆ, ಆಮೇಲೆ ಅವನೇನು ಮಾಡಿದ ಎಂದು ಕೇಳಿದರು.

"ಇನ್ನೂರು ಪುಟ ಮಳೇಲಿ ಅಡ್ಡಾಡಿದ ರೀ."

ಕಿಟಕಿಯ ಹೊರಗೆ

ಆಗ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದೆವು. ಆಕೆಯ ಅಣ್ಣನ ಮಗನಿಗೆ ಹೆಣ್ಣು ನೋಡುತ್ತಿದ್ದಾರೆಂದು ಈಗ ತಿಳಿಯಿತು. ಬಂಗಲೆಯನ್ನೇ ಬೇಡವೆಂದ ಹುಡುಗಿಗೆ ಆಸೆಬುರುಕತನ ಇರುವುದಿಲ್ಲ, ಮೂರು ಕೋಣೆಯ ತಮ್ಮ ಮನೆಗೆ ಹೊಂದಿಕೊಳ್ಳುತ್ತಾಳೆ ಎಂಬುದು ಅವರ ಲೆಕ್ಕಾಚಾರ. ನಾನು ಪುಸ್ತಕ ತಂದು ತೋರಿಸಿದೆ. ಬೇಡ ಅಂದವಳು ಇದರೊಳಗಿದ್ದಾಳೆ, ಇವಳಲ್ಲ ಎಂದೆ. ಆಕೆ ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಹಂಗಾದ್ರೆ ಇನ್ನೂ ಒಳ್ಳೇದಾತು. ಪುಸ್ತಕದ ಹುಡುಗಿ ಬೇಡ ಅಂದೈತೆ, ನಿಮ್ಮ ಹುಡುಗಿ ಇನ್ನೂ ಏನೂ ಅಂದಿಲ್ಲವಲ್ಲ."

ಇದಕ್ಕೆ ಬಿ.ಎ.ಯಲ್ಲಿ ಉತ್ತರ ಕಲಿಸಿರಲಿಲ್ಲ. ಕಾಲೇಜಿಗೆ ಹೊತ್ತಾಗುತ್ತಿತ್ತು. ಅವರು ಬಂದಿದ್ದ ಆಟೋ ಗೇಟಿನಲ್ಲೇ ಇತ್ತು. ಕಥೆಯ ಕೊನೆ ಗೊತ್ತಾಗದೆ ಊರಿಗೆ ಹೋಗುವುದಿಲ್ಲವೆಂದು ಅವರೂ ಹಟ ಹಿಡಿದರು. ಯಜಮಾನರನ್ನು ಮನೆಯಲ್ಲಿ ಬಿಟ್ಟು, ಐದೂ ಜನ ಅಕ್ಕಿ ಚೀಲದ ಸಮೇತ ಒತ್ತೊತ್ತಾಗಿ ಕೂತು ಹೊರಟೆವು. ಕಾಲೇಜಿನಲ್ಲಿ ಮೊಮ್ಮಗಳೊಬ್ಬಳೇ ತರಗತಿಯ ಒಳಗೆ ಹೋದಳು, ನಾವು ವರಾಂಡದ ಕಿಟಕಿಯ ಹತ್ತಿರ ನಿಂತೆವು.

ಅವಳು ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಮಾತಾಡಿದಳು. ರೂಮು ತೋರಿಸಲು ಹೊರಟದ್ದನ್ನೂ, ನಿಲ್ಲದ ಆ ಘಳಿಗೆಯನ್ನೂ ಹೇಳಿದಳು. ನಿಂತು ಉತ್ತರಕ್ಕೆ ಕಾಯುವುದನ್ನು ಕಲಿಯಲು ಅವನಿಗೆ ಪುಸ್ತಕ ಮುಗಿಯುವಷ್ಟು ಹೊತ್ತು ಬೇಕಾಯಿತು ಎಂದಳು. ಮೇಷ್ಟ್ರು ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು. ಆಮೇಲೆ ಪ್ರಶ್ನೆಗಳ ಸಮಯ. ಇಂಗ್ಲಿಷಿನಲ್ಲೇ ಎಂದರೆ ಯಾರೂ ಬಾಯಿ ಬಿಡುವುದಿಲ್ಲವೆಂದು ಅವರು ಕನ್ನಡಕ್ಕೆ ಬಂದರು. ಆದರೂ ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ತಾವೇ ಕೇಳಿದರು.

"ಸರಿ. ಅವಳ ಜಾಗದಲ್ಲಿ ನೀನಿದ್ದು, ಇವತ್ತು ಯಾರಾದ್ರೂ ಮನೆಗೆ ಬಂದು ಮದುವೆಗೆ ಕೇಳಿದ್ರೆ ಏನು ಹೇಳ್ತಿದ್ದೆ?"

ಅವಳು ಬಾಯಿ ತೆಗೆಯುವ ಮೊದಲೇ ಕಿಟಕಿಯಿಂದ ಬಸ್ಸಿನ ಹೆಂಗಸಿನ ದನಿ ಬಂತು.

"ನಾವೂ ಅದ್ಕೇ ಬೆಳಗ್ಗೆಯಿಂದ ಕಾಯ್ತಾ ಇದೀವಿ ಸಾರ್."

ತರಗತಿ ಪೂರ್ತಿ ಕಿಟಕಿಯ ಕಡೆ ತಿರುಗಿತು. ಮೇಷ್ಟ್ರು ಮೊದಲು ಆಕೆಯನ್ನು, ಆಮೇಲೆ ಆಕೆಯ ಕೈಯಲ್ಲಿದ್ದ ತೆಂಗಿನಕಾಯಿಯನ್ನು ನೋಡಿದರು. ಮೊಮ್ಮಗಳು ಸೆರಗು ಸರಿಮಾಡಿಕೊಂಡು, ಮೇಷ್ಟ್ರಿಗೂ ಕಿಟಕಿಗೂ ಒಟ್ಟಿಗೇ ಹೇಳಿದಳು.

"ಬೇಡ ಅಂತಿದ್ದೆ ಸಾರ್. ಮುಂದಿನ ವರ್ಷ ಇಂಗ್ಲಿಷ್ ತಗೋಬೇಕು, ಇಂಥವೇ ಇನ್ನೂ ಆರು ಪುಸ್ತಕ ಅವೆ."

ಆಕೆ ಒಂದು ಘಳಿಗೆ ಸುಮ್ಮನೆ ನಿಂತರು. ಆಮೇಲೆ ತಲೆಯಾಡಿಸಿ, ಕಾಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಪರೀಕ್ಷೆಗೆ ಒಳ್ಳೇದಾಗಲಿ ಎಂದು ಹರಸಿ ಹೋದರು.

ಕೊನೆಗೆ ಆದ ಖರ್ಚು ಡೈರಿಯಲ್ಲಿದ್ದಂತೆ: ಆಕೆ ವಾಪಸ್ ಕೊಡಲು ಮರೆತ ಒಂದು ಚೀಲ ಅಕ್ಕಿ. ಮೂವರಿಗೂ ಅರಿಶಿನ ಕುಂಕುಮದ ಜೊತೆ ಕೊಟ್ಟ ರವಿಕೆ ಕಣ. ಆಟೋದ ಬಾಗಿಲಿಗೆ ಸಿಕ್ಕಿ ಹರಿದ ಹೊಸ ಸೀರೆಯ ಅಂಚು. ಮೊಮ್ಮಗಳಿಗೆ ಇಂಗ್ಲಿಷ್ ಸಿಕ್ಕಿತು. ಸೆಮಿನಾರಿಗೆ ಪೂರ್ತಿ ಅಂಕ ಕೊಟ್ಟ ಮೇಷ್ಟ್ರು ಆಮೇಲೆ ಒಂದು ಅಂಕ ಕಳೆದಿದ್ದಾರೆ, ಹೊರಗಿನವರ ನೆರವು ಪಡೆದದ್ದಕ್ಕೆ.