ಬೀಗ ಮೊದಲೋ ಕೀಲಿಕೈ ಮೊದಲೋ

ಜಗಳ ಹುಟ್ಟಿದ್ದು ಹೊಸ ಬೋರ್ಡಿನಿಂದ. ಅಪ್ಪನ ಕಾಲದ ಅಂಗಡಿಯನ್ನು ಕೀಲಿರಾಯ ಮತ್ತು ಅವನ ಅಕ್ಕನ ಗಂಡ ಹದಿನೆಂಟು ವರ್ಷಗಳಿಂದ ಪಾಲುದಾರರಾಗಿ ನಡೆಸುತ್ತಿದ್ದರು. ಭಾವ ಬೀಗ ಮಾಡುತ್ತಿದ್ದ, ಕೀಲಿರಾಯ ಕೀಲಿಕೈ. ಬೋರ್ಡು ಬರೆಯುವವನು ಬ್ರಷ್ಷು ಅದ್ದಿಕೊಂಡು, "ಯಾವ್ದು ಮೊದ್ಲು ಬರೀಲಿ, ಬೀಗಾನೋ ಕೀಲಿಕೈನೋ?" ಎಂದು ಕೇಳಿದ್ದೇ ತಪ್ಪಾಯಿತು.

"ಬೀಗ ಇಲ್ದಿದ್ರೆ ನಿನ್ನ ಕೀಲಿಕೈ ಕಿವಿ ಕೆರ್ಕೊಳ್ಳೋಕೇ ಸರಿ" ಎಂದ ಭಾವ.

"ಕೀಲಿಕೈ ಇಲ್ದಿದ್ರೆ ನಿಮ್ಮ ಬೀಗ ಕಾಗದ ಹಾರದ ಹಾಗೆ ಇಡೋಕೇ ಸರಿ, ಭಾವ!"

ಭಾವ ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದ. ಇನ್ನು ಪಾಲುದಾರಿಕೆ ಬೇಡವೇ ಬೇಡ ಎಂದು ಕೀಲಿರಾಯ ವಕೀಲರನ್ನು ಕರೆತಂದ.

"ಮೊದ್ಲು ಒಳಗಿರೋ ಸಾಮಾನೆಲ್ಲ ಪಟ್ಟಿ ಆಗ್ಬೇಕು" ಎಂದರು ವಕೀಲರು. "ನಾನು ಕೂತು ಬರೀತೀನಿ. ಅವರು ನುಗ್ಗದ ಹಾಗೆ ನೀವು ಹೊರಗಿಂದ ಬೀಗ ಜಡೀರಿ."

ಕೀಲಿರಾಯ ಬೀಗ ಜಡಿದು ಟೀ ಕುಡಿದು ಬರುವಷ್ಟರಲ್ಲಿ ಅದರ ಪಕ್ಕದಲ್ಲೇ ಇನ್ನೊಂದು, ಕುಂಬಳಕಾಯಿ ಗಾತ್ರದ ಬೀಗ ನೇತಾಡುತ್ತಿತ್ತು. ಮೆಟ್ಟಿಲ ಮೇಲೆ ಭಾವ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

"ಬೋರ್ಡಲ್ಲಿ ಬೀಗವೇ ಮೊದ್ಲು ಅಂತ ಬರ್ಕೊಡು, ತೆಗೀತೀನಿ."

"ಬರ್ಕೊಡ್ಬೇಡಿ!" ಕಿಟಕಿಯ ಕಂಬಿಗಳ ನಡುವೆ ವಕೀಲರ ಮೂಗು ಕಾಣಿಸಿತು. "ಬರೆದ್ರೆ ಕೇಸು ಬಿದ್ದೋಯ್ತು."

"ಹಾಗಾದ್ರೆ ಒಡೀಲಾ ಸಾರ್?"

"ಒಡೆದ್ರೆ ನಿಮ್ಮ ಮೇಲೇ ಕೇಸು!"

"ಮತ್ತೆ ನೀವು ಹೊರಗೆ ಬರೋದು ಹೇಗೆ?"

ವಕೀಲರು ಕನ್ನಡಕ ಒರೆಸಿಕೊಂಡರು. "ಕಾನೂನಲ್ಲಿ ಅದಕ್ಕೆ ದಾರಿ ಇದೆ. ಆದ್ರೆ ಆ ಪುಸ್ತಕ ಆಫೀಸಲ್ಲಿದೆ."

ಅಷ್ಟರಲ್ಲಿ ಬೀದಿಯೇ ನೆರೆದಿತ್ತು. ಎದುರಿನ ಇಸ್ತ್ರಿ ಅಂಗಡಿಯವನು ಕುರ್ಚಿ ತಂದು ಹಾಕಿಕೊಂಡು, "ಕಿಟಕಿಯಿಂದಾನೇ ಎಳೀರಿ. ಸುಕ್ಕಾದ್ರೆ ನಾನಿದೀನಿ" ಎಂದ.

ಮಧ್ಯಾಹ್ನ ದಾಟಿತು. ಒಳಗೆ ಸದ್ದೇ ಇಲ್ಲ. ಕೀಲಿರಾಯ ಕಿಟಕಿಯ ಕಂಬಿಗೆ ಮುಖ ಒತ್ತಿದ. "ಸಾರ್, ಇದೀರಾ?"

"ಓದ್ತಾ ಇದೀನಿ. ತೊಂದ್ರೆ ಕೊಡ್ಬೇಡಿ."

ಊಟಕ್ಕೆ ಗಂಡ ಬರಲಿಲ್ಲವೆಂದು ಹುಡುಕಿಕೊಂಡು ಅಕ್ಕ ಬಂದಳು. ಬೀಗಗಳನ್ನು ನೋಡಿದಳು, ಆಮೇಲೆ ಗಂಡನನ್ನು, ತಮ್ಮನನ್ನು. "ಸರೀರಿ ಆಕಡೆ" ಎಂದವಳೇ ತಲೆಯಿಂದ ಪಿನ್ನು ತೆಗೆದಳು. ಟಕ್. ಮತ್ತೊಂದು ಟಕ್. ಎರಡೂ ಬೀಗಗಳು ಬಾಯಿ ಬಿಟ್ಟವು, ಪಾಲುದಾರರೂ ಬಿಟ್ಟರು.

"ಅಪ್ಪ ಕೆಲ್ಸ ಕಲ್ಸಿದ್ದು ಮೊದ್ಲು ನನಗೆ."

ತಲೆತುಂಬ ಧೂಳು, ಕೈಯಲ್ಲಿ ಹಳದಿಗಟ್ಟಿದ ಕಾಗದ ಹಿಡಿದು ವಕೀಲರು ಹೊರಬಂದರು. ಕೀಲಿರಾಯನನ್ನು ದಾಟಿ ನೇರ ಅಕ್ಕನಿಗೆ ಕೈಮುಗಿದರು.

"ಅಮ್ಮಾ, ಬೇರೆ ಕೆಲ್ಸ ಇರ್ಲಿಲ್ಲ, ಕಪಾಟಿನ ಕಾಗದ ಎಲ್ಲ ಓದ್ಬಿಟ್ಟೆ. ನಿಮ್ಮ ತಂದೆಯವರು ಅಂಗಡೀನ ಪೂರ್ತಿ ನಿಮ್ಮ ಹೆಸರಿಗೇ ಬರೆದಿದಾರೆ. ಇವರಿಬ್ರೂ ಪಾಲುದಾರರೇ ಅಲ್ಲ!"

ಕೀಲಿರಾಯ ಅಕ್ಕನ ಕಡೆ ತಿರುಗಿದ. "ಅಕ್ಕಾ, ನಿನಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು?" ಅಕ್ಕ ಪಿನ್ನನ್ನು ಮತ್ತೆ ತಲೆಗೆ ಸಿಕ್ಕಿಸಿಕೊಂಡಳು. "ನೀವೇ ಮಾಲೀಕರು ಅಂದ್ಕೊಂಡಿದ್ರೆ ಇಬ್ರೂ ರಜಾ ಕೇಳೋಲ್ಲ ಅಂತ ಸುಮ್ನಿದ್ದೆ. ನಡೀರಿ ಒಳಗೆ, ಅರ್ಧ ದಿನ ಹಾಳಾಯ್ತು."